ಕೇಳದೆ ವಿಧಿಸಿದ ದಂಡನೆ

ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧಿಪತಿಯಾಗಕೂಡದು. ಹೇಳಿಕೊಳ್ಳಲು ಅವಕಾಶವೀಯದೆ ಯಾರನ್ನೂ ದಂಡಿಸಕೂಡದು. ಸಹಜ ನ್ಯಾಯವೆಂಬುದರ ತಿರುಳು ಇವೆರಡೇ. ಊರ ಪಂಚಾಯಿತಿಯ ಕಟ್ಟೆಯೂ ಬಲ್ಲ ಈ ನಿಯಮವು ಆ ಹೆಸರಿನಿಂದ ನಮ್ಮ ರಾಜ್ಯಾಂಗದಲ್ಲಿ ಎಲ್ಲಿಯೂ ಬರೆಯಲ್ಪಟ್ಟಿಲ್ಲ. 21ನೆಯ ವಿಧಿಯು ಪ್ರಾಣಕ್ಕೂ ಸ್ವಾತಂತ್ರ್ಯಕ್ಕೂ ಕಾನೂನು ಗೊತ್ತುಮಾಡಿದ ಕ್ರಮದ ರಕ್ಷೆಯನ್ನು ಕೊಟ್ಟಿತೇ ಹೊರತು, ಆ ಕ್ರಮವು ನ್ಯಾಯವಾದುದಾಗಿರಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. 1950ರ ಗೋಪಾಲನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವೂ ಅಷ್ಟಕ್ಕೇ ನಿಂತಿತು. ನ್ಯಾಯಮೂರ್ತಿ ಫಜಲ್ ಅಲಿಯವರು ಭಿನ್ನಮತವನ್ನು ಬರೆದರು.

ಈ ಕೊರತೆಯನ್ನು ತುಂಬಿದುದು ನ್ಯಾಯಾಲಯವೇ. 1969ರ ಕ್ರೈಪಾಕ್ ಮೊಕದ್ದಮೆಯನ್ನು ನೋಡಿರಿ. ಭಾರತೀಯ ಅರಣ್ಯ ಸೇವೆಗೆ ಜಮ್ಮು ಕಾಶ್ಮೀರದ ಅಧಿಕಾರಿಗಳನ್ನು ಆರಿಸಿದ ಮಂಡಲಿಯಲ್ಲಿ ಸ್ವತಃ ಉಮೇದುವಾರರಾಗಿದ್ದವರೊಬ್ಬರು ಕುಳಿತಿದ್ದರು. ತಮ್ಮ ಹೆಸರು ಬಂದಾಗ ಅವರು ಹೊರಗುಳಿದರೂ ದೋಷವು ಕಳೆಯದೆಂದು ಆಯ್ಕೆಯು ರದ್ದಾಯಿತು. ಕಚೇರಿಯ ಆಡಳಿತವೂ ಸಹಜ ನ್ಯಾಯಕ್ಕೆ ಹೊರತಲ್ಲವೆಂದು ಸಾರಿದ ಆ ತೀರ್ಪನ್ನು ಬರೆದವರು ದಕ್ಷಿಣ ಕನ್ನಡದ ಕೆ. ಎಸ್. ಹೆಗ್ಡೆಯವರು. 1977ರಲ್ಲಿ ಮೇನಕಾ ಗಾಂಧಿಯವರ ರಹದಾರಿಯನ್ನು ಹಿಡಿದಿಟ್ಟ ಸರಕಾರವು, ಕಾರಣವನ್ನು ತಿಳಿಸುವುದು ಸಾರ್ವಜನಿಕ ಹಿತಕ್ಕೆ ಒಪ್ಪದೆಂದಿತು. ಕ್ರಮವು ನ್ಯಾಯಸಮ್ಮತವೂ ಯುಕ್ತವೂ ಆಗಿರಲೇಬೇಕೆಂದು 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ತೀರ್ಮಾನವಾಯಿತು.

ಇಷ್ಟಾದರೂ 2022ರಲ್ಲಿ ಮೀಡಿಯಾ ಒನ್ ಎಂಬ ಮಲಯಾಳಂ ಸುದ್ದಿವಾಹಿನಿಯ ಅನುಮತಿಯನ್ನು ನವೀಕರಿಸಲು ಕೇಂದ್ರ ಸರಕಾರವು ಒಪ್ಪಲಿಲ್ಲ. ಅದಕ್ಕೆ ಆಧಾರವಾದ ಕಾಗದಗಳು ಮುದ್ರೆಯೊತ್ತಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಹೋದುವು. ಆಪಾದಿತರಿಗೆ ಮಾತ್ರ ಕಾಣಿಸಲಿಲ್ಲ. ಕಾಣದ ಆರೋಪಕ್ಕೆ ಉತ್ತರ ಕೊಡುವ ಬಗೆ ಯಾವುದು? ಕೇರಳದ ಉಚ್ಚ ನ್ಯಾಯಾಲಯವು ಒಪ್ಪಿದ ಈ ಆಜ್ಞೆಯನ್ನು 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ದೇಶರಕ್ಷಣೆಯ ಹೆಸರೆತ್ತಿದ ಮಾತ್ರಕ್ಕೆ ಸಹಜ ನ್ಯಾಯವು ಲೋಪವಾಗದೆಂಬುದು ಅದರ ಸಾರ. ಪತ್ರಿಕೆ ನಡೆಸುವವರಿಗೆ ಇದು ಪರರ ಸಂಗತಿಯಲ್ಲ. ಇಂದು ಅವರ ಬಾಗಿಲಿಗೆ ಬಂದ ಲಕೋಟೆಯು ನಾಳೆ ನಮ್ಮ ಬಾಗಿಲಿಗೂ ಬಂದೀತು.

ರಾಜ್ಯಕ್ಕೆ ಗುಟ್ಟುಗಳುಂಟು, ಅವನ್ನು ಕಾಯುವುದು ಸರಕಾರದ ಧರ್ಮ. ಇದನ್ನು ನಾವು ಅಲ್ಲಗಳೆಯುವುದಿಲ್ಲ. 311ನೆಯ ವಿಧಿಯೇ ರಾಜ್ಯದ ಭದ್ರತೆಗಾಗಿ ವಿಚಾರಣೆಯಿಲ್ಲದೆ ನೌಕರನನ್ನು ವಜಾಮಾಡಲು ಎಡೆಗೊಟ್ಟಿದೆ. 1985ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಆದರೆ ಗುಟ್ಟಿನ ಮೂಲವನ್ನು ಮುಚ್ಚಿಡುವುದು ಬೇರೆ, ಆರೋಪವನ್ನೇ ಮುಚ್ಚಿಡುವುದು ಬೇರೆ. ಸುಳಿವು ಕೊಟ್ಟವರ ಹೆಸರನ್ನು ಮರೆಮಾಡಿ ಆಪಾದನೆಯ ಸಾರಾಂಶವನ್ನಾದರೂ ತಿಳಿಸಲು ಯಾವ ಅಡ್ಡಿಯಿದೆ? ಅಷ್ಟನ್ನು ಕಡ್ಡಾಯಗೊಳಿಸುವ ಶಾಸನವನ್ನು ಪಾರ್ಲಿಮೆಂಟು ಮಾಡಬೇಕು. ನೊಂದವನು ಪ್ರತಿಸಲವೂ ದೆಹಲಿಯವರೆಗೆ ಹೋಗಿ ಈ ನ್ಯಾಯವನ್ನು ಬೇಡಿ ತರಬೇಕಾಗಿರುವುದು ಸ್ವತಂತ್ರ ರಾಷ್ಟ್ರಕ್ಕೆ ಭೂಷಣವಲ್ಲ.