ಹೆಂಚು ಆಯ್ದವನ ಮ್ಯೂಸಿಯಂ

1956ರ ಮೇ ತಿಂಗಳ ಕೊನೆ. ಹಿರೋಷಿಮಾದ ಶಾಂತಿ ಸ್ಮಾರಕ ಮ್ಯೂಸಿಯಂ ಬಾಗಿಲು ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಅಲ್ಲಿದ್ದ ಸುಟ್ಟ ಬಟ್ಟೆ, ಕರಗಿದ ಗಾಜು, ಕಲ್ಲು, ಹೆಂಚುಗಳನ್ನೆಲ್ಲ ಊರಿನ ಸಮುದಾಯ ಭವನಕ್ಕೆ ಸಾಗಿಸಲಾಯಿತು. ತೆರವಾದ ಜಾಗದಲ್ಲಿ ಮೂರು ವಾರ ನಡೆದದ್ದು, ಅಣುಶಕ್ತಿಯನ್ನು ಶಾಂತಿಗಾಗಿ ಬಳಸಿ ಎಂದು ಸಾರುವ ಅಮೆರಿಕ ಪ್ರಾಯೋಜಿತ ಪ್ರದರ್ಶನ. ವಿಕಿರಣ ಸೂಸುವ ವಸ್ತುವನ್ನು ದೂರದಿಂದಲೇ ಎತ್ತಿಡುವ ಯಂತ್ರದ ಕೈ ನೋಡಲು ಜನ ಮುಗಿಬಿದ್ದರು. ಬಂದವರು ಒಂದು ಲಕ್ಷಕ್ಕೂ ಮಿಕ್ಕಿ. ಅಣುಬಾಂಬು ಬಿದ್ದು ಹನ್ನೊಂದು ವರ್ಷವೂ ಆಗಿರದ ಊರದು!

ಮ್ಯೂಸಿಯಂನ ಮೊದಲ ನಿರ್ದೇಶಕ ಶೋಗೊ ನಾಗಾವೊಕಾ ಅವರ ಮನಸ್ಸು ಆಗ ಹೇಗಿತ್ತೋ. ಹೊರಗೆ ಹೋದ ಕಲ್ಲು, ಹೆಂಚುಗಳಲ್ಲಿ ಎಷ್ಟನ್ನೋ ಅವರೇ ಕೈಯಾರೆ ಆಯ್ದು ತಂದಿದ್ದರು. ನಾಗಾವೊಕಾ ಭೂವಿಜ್ಞಾನಿ. 1945ರ ಆಗಸ್ಟ್ 6ರಂದು ಬೆಳಿಗ್ಗೆ 8.15ಕ್ಕೆ ಬಾಂಬು ಸ್ಫೋಟಿಸಿದ ಮೇಲೆ, ಮರುದಿನವೇ ಊರಿಗೆ ಬಂದ ಅವರ ಕಣ್ಣಿಗೆ ಬಿದ್ದದ್ದು ಮೇಲ್ಮೈ ಕರಗಿದ್ದ ಗ್ರಾನೈಟ್. ಕಲ್ಲು ಬಲ್ಲವರಿಗೆ ಅದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ. ಸಾಧಾರಣ ಬೆಂಕಿಗೆ ಕಲ್ಲು ಹಾಗಾಗುವುದಿಲ್ಲ.

ಅಂದಿನಿಂದ ಚೀಲ ಹಿಡಿದು ಅವಶೇಷಗಳ ನಡುವೆ ಓಡಾಟ. ಮೈಮೇಲೆ ಗುಳ್ಳೆಯೆದ್ದ ಹೆಂಚು ಸಿಕ್ಕರೆ, ಅದು ಸ್ಫೋಟದ ಕೇಂದ್ರದಿಂದ ಎಷ್ಟು ದೂರದಲ್ಲಿತ್ತು ಎಂಬುದೇ ಮುಖ್ಯ. ಬಿಸಿ ಎಲ್ಲಿಯವರೆಗೆ ಎಷ್ಟಿತ್ತು ಎಂಬುದಕ್ಕೆ ಆ ಹೆಂಚೇ ಲೆಕ್ಕಪತ್ರ. ಕಲ್ಲಿನ ಮೇಲೆ ಉಳಿದ ನೆರಳುಗಳ ದಿಕ್ಕು ಹಿಡಿದು ಹೋದರೆ, ಊರಿನ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿ ಬಾಂಬು ಸಿಡಿದ ಜಾಗ ಗೊತ್ತಾಗುತ್ತದೆ. ಹೀಗೆ ತಂದದ್ದೆಲ್ಲ ಮನೆಯಲ್ಲಿ ಗುಡ್ಡೆಯಾಗಿ ಬೆಳೆಯಿತು. ಅಮೆರಿಕದ ಸೇನಾಡಳಿತ ಬಾಂಬಿನ ಬಗೆಗಿನ ಬರಹಕ್ಕೂ ಸೆನ್ಸಾರ್ ಹಾಕಿದ್ದ ಕಾಲವದು. 1949ರಲ್ಲಿ ಸಮುದಾಯ ಭವನದ ಒಂದು ಕೋಣೆಯಲ್ಲಿ ಈ ಸಂಗ್ರಹಕ್ಕೆ ಜಾಗ ಸಿಕ್ಕಿತು. ಮ್ಯೂಸಿಯಂನ ಬೀಜ ಅದು.

ಅದೇ ವರ್ಷ ಸ್ಮಾರಕ ಉದ್ಯಾನದ ವಿನ್ಯಾಸ ಸ್ಪರ್ಧೆಯಲ್ಲಿ ವಾಸ್ತುಶಿಲ್ಪಿ ಕೆಂಜೊ ಟಾಂಗೆ ಗೆದ್ದರು. ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಅವರ ಮ್ಯೂಸಿಯಂ ಕಟ್ಟಡದ ಕೆಳಗೆ ನಿಂತರೆ ಮೃತರ ಸ್ಮಾರಕ, ಅದರಾಚೆ ನದಿಯ ಆ ದಡದ, ಬಾಂಬಿಗೆ ಮುರಿದ ಗುಮ್ಮಟ, ಎರಡೂ ಒಂದೇ ನೇರಕ್ಕೆ ಕಾಣುತ್ತವೆ. ಆ ಗುಮ್ಮಟವನ್ನು ಉಳಿಸಿಕೊಳ್ಳಬೇಕೆಂದು ನಗರಸಭೆ ತೀರ್ಮಾನಿಸಿದ್ದು 1966ರಲ್ಲಿ. ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ಪಾಳು ಕಟ್ಟಡವನ್ನು ನೆಚ್ಚಿ ಇಡೀ ಉದ್ಯಾನದ ಗೆರೆ ಎಳೆದ ಟಾಂಗೆಯವರದು ಸಣ್ಣ ಧೈರ್ಯವಲ್ಲ. ಮ್ಯೂಸಿಯಂ ತೆರೆದದ್ದು 1955ರ ಆಗಸ್ಟ್ 24ರಂದು.

ಭೂವಿಜ್ಞಾನಿಯ ಕಲ್ಲು, ಹೆಂಚುಗಳ ಜೊತೆಗೆ ಬರಬರುತ್ತ ಮನೆಗಳಿಂದ ಬಂದ ವಸ್ತುಗಳು ಸೇರಿಕೊಂಡವು. ಸ್ಫೋಟದ ಕೇಂದ್ರದಿಂದ 260 ಮೀಟರ್ ದೂರದ ಬ್ಯಾಂಕೊಂದರ ಮೆಟ್ಟಿಲ ಮೇಲೆ ಕುಳಿತಿದ್ದವರ ನೆರಳು ಕಲ್ಲಿನಲ್ಲೇ ಉಳಿದಿತ್ತು. ಕಟ್ಟಡವನ್ನು ಹೊಸದಾಗಿ ಕಟ್ಟುವಾಗ ಮೆಟ್ಟಿಲನ್ನು ಕತ್ತರಿಸಿ 1971ರಲ್ಲಿ ಇಲ್ಲಿಗೆ ತಂದರು. ನಾಲ್ಕು ತುಂಬದ ಮಗನೊಂದಿಗೆ ಅವನ ಮೂರು ಚಕ್ರದ ಸೈಕಲ್ಲನ್ನೂ ಹಿತ್ತಲಲ್ಲಿ ಹೂತಿದ್ದ ತಂದೆಯೊಬ್ಬರು, ನಲವತ್ತು ವರ್ಷಗಳ ನಂತರ ಅಸ್ಥಿಯನ್ನು ಕುಟುಂಬದ ಸಮಾಧಿಗೆ ಸೇರಿಸಲು ಅಗೆದಾಗ, ತುಕ್ಕು ಹಿಡಿದ ಆ ಸೈಕಲ್ಲನ್ನು ಮ್ಯೂಸಿಯಂಗೆ ಕೊಟ್ಟರು.

ಈಚೆಗೆ ಪ್ರದರ್ಶನದ ಬಗ್ಗೆ ಒಂದು ಜಗಳವೂ ನಡೆಯಿತು. ಸುಟ್ಟ ಚರ್ಮ ಜೋತಾಡಿಸಿಕೊಂಡು ನಡೆಯುವ ಗೊಂಬೆಗಳು ದಶಕಗಳ ಕಾಲ ಇಲ್ಲಿದ್ದವು. 2017ರಲ್ಲಿ ಅವನ್ನು ತೆಗೆದಾಗ, ಭಯಾನಕತೆಯನ್ನು ತಿಳಿಗೊಳಿಸುತ್ತಿದ್ದೀರಿ ಎಂದು ಕೆಲವರು ಕೋಪಗೊಂಡರು. ಗೊಂಬೆಯಲ್ಲ, ಅಸಲಿ ವಸ್ತುವೇ ಮಾತಾಡಲಿ ಎಂಬುದು ಮ್ಯೂಸಿಯಂನ ನಿಲುವು. ನನಗೆ ಮ್ಯೂಸಿಯಂ ಹೇಳುವುದೇ ಸರಿ ಅನಿಸುತ್ತದೆ. ಗೊಂಬೆಗೆ ಬೆಚ್ಚಿಬಿದ್ದ ಮಗು ಸ್ವಲ್ಪ ಹೊತ್ತಿಗೆ, ಅದು ಪ್ಲಾಸ್ಟಿಕ್ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳಬಹುದು. 2019ರಲ್ಲಿ ಮತ್ತೆ ತೆರೆದ ಮುಖ್ಯ ಕಟ್ಟಡದಲ್ಲಿ ಆ ದಾರಿಯೂ ಮುಚ್ಚಿದೆ. ವಾಯುದಾಳಿಯಾದರೆ ಬೆಂಕಿ ಹರಡದಿರಲೆಂದು ಮನೆಗಳನ್ನು ಕೆಡವುವ ಕೆಲಸಕ್ಕೆ ಹಚ್ಚಿದ್ದ, ಹನ್ನೆರಡು ಹದಿಮೂರರ ಶಾಲಾಮಕ್ಕಳ ಹರಿದ ಅಂಗಿಗಳು ಅಲ್ಲಿವೆ. ತೊಟ್ಟ ಮಗು ಯಾರು, ವಯಸ್ಸು ಎಷ್ಟು ಎಂಬುದು ಪಕ್ಕದಲ್ಲೇ ಬರೆದಿರುತ್ತದೆ.