ರಕ್ತ ಬಂದದ್ದು ನನಗೆ, ಹಲ್ಲು ಅಲುಗಾಡಿದ್ದು ಅಪ್ಪನಿಗೆ

ಕಳೆದ ದಸರಾ ರಜೆಗೆ ಬೈಲಕುಪ್ಪೆ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಬ್ರಷ್ ಮಾಡಿ ಉಗುಳಿದರೆ ರಕ್ತ. ಎರಡು ವಾರದಿಂದ ಹೀಗೇ ಆಗ್ತಿತ್ತು, ನಾನು ತಲೆ ಕೆಡಿಸ್ಕೊಂಡಿರಲಿಲ್ಲ. ಅಮ್ಮ ನೋಡಿದ್ದೇ ಗಾಬರಿಯಾಗಿ, "ಇವತ್ತೇ ಕುಶಾಲನಗರಕ್ಕೆ ಹೋಗಿ ತೋರಿಸ್ಕೊಂಡು ಬಾ" ಅಂದಳು.

ಅಪ್ಪನ ಕೆಳಗಿನ ಮುಂದಿನ ಹಲ್ಲೊಂದು ಅಲುಗಾಡ್ತಿತ್ತು. ಜೊತೆಗೆ ಬನ್ನಿ ಅಂದೆ. "ನಂಗೆ ಒಂದು ತೊಟ್ಟು ರಕ್ತನೂ ಬಂದಿಲ್ಲ, ನೋವೂ ಇಲ್ಲ. ವಯಸ್ಸಾದ ಮೇಲೆ ಹಲ್ಲು ಬೀಳ್ತವೆ, ಬುಡ್ಲಾ" ಅಂದ್ರು. ಬಲವಂತ ಮಾಡಿ ಕರ್ಕೊಂಡು ಹೋದೆ.

ಡಾಕ್ಟರ್ ಮಿಲಿಮೀಟರ್ ಗುರುತುಗಳಿದ್ದ ತೆಳ್ಳಗಿನ ಕಡ್ಡಿಯನ್ನು ಹಲ್ಲು ಮತ್ತು ಒಸಡಿನ ಸಂದಿಗೆ ಇಳಿಸಿ ಅಳತೆ ತಗೊಂಡರು. 3 ಮಿ.ಮೀ. ತನಕ ಇದ್ದರೆ ಸರಿ. ನನಗೆ ಹೆಚ್ಚಿನ ಕಡೆ 3, ಒಂದೆರಡು ಕಡೆ 4. ಅಪ್ಪನಿಗೆ 6, 7. ಎಕ್ಸ್‌ರೇ ನೋಡಿದರೆ ಮುಂದಿನ ಹಲ್ಲುಗಳ ಸುತ್ತ ಮೂಳೆ ಅರ್ಧಕ್ಕಿಳಿದಿತ್ತು.

ನನ್ನದು ಒಸಡಿನ ಊತ, ಕ್ಲೀನ್ ಮಾಡಿದರೆ ವಾಸಿಯಾಗುತ್ತೆ. ಅಪ್ಪನದು ಪೆರಿಯೊಡಾಂಟೈಟಿಸ್, ಅಂದರೆ ಮೂಳೆ ತನಕ ಇಳಿದ ಒಸಡಿನ ರೋಗ. ಹೋದ ಮೂಳೆ ತಾನಾಗಿ ವಾಪಸ್ ಬರೋದಿಲ್ಲ.

ಹಾಗಾದರೆ ಅಪ್ಪನಿಗೆ ರಕ್ತ ಯಾಕೆ ಬರಲಿಲ್ಲ? ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಬೀಡಿ ಸೇದ್ತೀರಾ?"

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ ಅಂದರೆ ವರ್ಜೀನಿಯಾ ತಂಬಾಕಿನ ಸೀಮೆ. ಬ್ಯಾರನ್‌ನಲ್ಲಿ ಸೊಪ್ಪು ಹದ ಮಾಡುವಾಗ ರಾತ್ರಿಯಿಡೀ ಬೆಂಕಿ ಕಾಯಬೇಕು. ನಿದ್ದೆ ತಡೆಯೋಕೆ ಅಂತ ಅಪ್ಪ ಶುರು ಮಾಡಿದ ಬೀಡಿ ಮೂವತ್ತು ವರ್ಷವಾದರೂ ಬಿಟ್ಟಿರಲಿಲ್ಲ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತೆ. ಹಾಗಾಗಿ ಸೇದುವವರ ಒಸಡಿನಲ್ಲಿ ರೋಗವಿದ್ದರೂ ರಕ್ತ ಕಮ್ಮಿ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕೆಲಸವೂ ಕೆಡುತ್ತೆ. ಮನೆಗೆ ಕಳ್ಳ ನುಗ್ಗಿದ್ದಾನೆ, ನಾಯಿಯ ಬಾಯಿ ಮಾತ್ರ ಕಟ್ಟಿದೆ. ಅಪ್ಪನ ಸ್ಥಿತಿ ಅದು.

ಮೂಳೆ ತಿಂದದ್ದು ಯಾರು?

ಬ್ಯಾಕ್ಟೀರಿಯಾ ಅಂತ ನಾನು ಅಂದ್ಕೊಂಡಿದ್ದೆ. ಅದು ಅರ್ಧ ಸತ್ಯ ಅಂತ ಓದುತ್ತಾ ಹೋದಾಗ ಗೊತ್ತಾಯ್ತು.

1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಎಂಬ ದಂತವಿಜ್ಞಾನಿ 12 ಆರೋಗ್ಯವಂತರಿಗೆ ಹಲ್ಲುಜ್ಜೋದನ್ನೇ ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸರಿಹೋಯಿತು. ಪಾಚಿ ಕಟ್ಟಿದರೆ ಉರಿಯೂತ ಬರುತ್ತೆ ಅನ್ನೋದು ಅಲ್ಲಿಗೆ ಖಚಿತವಾಯಿತು.

ಮುಂದೆ ಅದೇ ಲೋ ತಂಡ ಶ್ರೀಲಂಕಾದ ಚಹಾ ತೋಟಗಳಿಗೆ ಹೋಯಿತು. ಹಲ್ಲಿನ ಡಾಕ್ಟರ ಮುಖವನ್ನೇ ನೋಡಿರದ 480 ಕಾರ್ಮಿಕರನ್ನು 1970ರಿಂದ 15 ವರ್ಷ ಗಮನಿಸಿತು. ಎಲ್ಲರ ಹಲ್ಲಿನಲ್ಲೂ ಪಾಚಿ ಇತ್ತು. ಆದರೆ ಸುಮಾರು 8% ಜನರಲ್ಲಿ ರೋಗ ಬೇಗ ಬೇಗ ಏರಿತು, 81% ಜನರಲ್ಲಿ ನಿಧಾನವಾಗಿ ಬೆಳೆಯಿತು, 11% ಜನರಲ್ಲಿ ಒಸಡಿನ ಊತಕ್ಕಿಂತ ಮುಂದೆ ಹೋಗಲೇ ಇಲ್ಲ. ಪಾಚಿ ಒಂದೇ ಆದರೂ ಪರಿಣಾಮ ಮೂರು ಥರ. ವ್ಯತ್ಯಾಸ ಇದ್ದದ್ದು ಬಹುಮಟ್ಟಿಗೆ ದೇಹದ ಪ್ರತಿಕ್ರಿಯೆಯಲ್ಲಿ.

ಒಸಡಿನೊಳಗೆ ನಡೆಯೋದು ಇಷ್ಟು. ಪಾಚಿಯ ಬ್ಯಾಕ್ಟೀರಿಯಾಗಳನ್ನು ಕಂಡು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಓಡಿ ಬರುತ್ತವೆ, ಹಿಂದೆಯೇ ಮ್ಯಾಕ್ರೋಫೇಜ್‌ಗಳು. ಇವು ಐಎಲ್-1, ಟಿಎನ್ಎಫ್ ಎಂಬ ಸಂದೇಶ ರಾಸಾಯನಿಕಗಳನ್ನು ಬಿಟ್ಟು ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಜೊತೆಗೆ ಹೊರಬರುವ ಕಿಣ್ವಗಳು ಹಲ್ಲನ್ನು ಮೂಳೆಗೆ ಬಿಗಿದ ಕೊಲಾಜೆನ್ ನಾರುಗಳನ್ನೇ ಕತ್ತರಿಸುತ್ತವೆ. ಕೊನೆಗೆ ರಾಂಕ್-ಎಲ್ ಎಂಬ ಇನ್ನೊಂದು ಸಂದೇಶ ಹೆಚ್ಚಾಗಿ, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಜೀವಕೋಶಗಳು ಎದ್ದು ಕೂರುತ್ತವೆ. ಅಂದರೆ ಅಪ್ಪನ ದವಡೆಯ ಮೂಳೆ ಕರಗಿಸಿದ್ದು ಅಪ್ಪನದೇ ಜೀವಕೋಶಗಳು.

ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಇದು ನಿಲ್ಲುವ ಷರತ್ತೇ ಇಲ್ಲದ ಲೂಪ್. ಪಾಚಿ ಅಲ್ಲೇ ಇರುವ ತನಕ ಓಡುತ್ತಲೇ ಇರುತ್ತೆ.

ಲೂಪ್ ನಿಲ್ಲಿಸೋದು ಹೇಗೆ?

ಮೊದಲ ದಾರಿ, ಕಿಣ್ವವನ್ನು ತಡೆಯೋದು. ಡಾಕ್ಸಿಸೈಕ್ಲಿನ್ ನಮಗೆಲ್ಲ ಗೊತ್ತಿರುವ ಆ್ಯಂಟಿಬಯಾಟಿಕ್. ಅದನ್ನೇ ದಿನಕ್ಕೆರಡು ಸಲ 20 ಮಿ.ಗ್ರಾಂ. ನಷ್ಟು ಕಡಿಮೆ ಕೊಟ್ಟರೆ ಬ್ಯಾಕ್ಟೀರಿಯಾ ಸಾಯೋದಿಲ್ಲ, ಕೊಲಾಜೆನ್ ಕತ್ತರಿಸುವ ಕಿಣ್ವ ತಣ್ಣಗಾಗುತ್ತೆ. ಆಳವಾದ ಕ್ಲೀನಿಂಗ್ ಜೊತೆಗೆ ಬಳಸಲು ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಎರಡನೇ ದಾರಿ, ಉರಿಯೂತಕ್ಕೆ "ಸಾಕು" ಅಂತ ಹೇಳೋದು. ನಮ್ಮ ದೇಹ ಒಮೆಗಾ-3 ಕೊಬ್ಬಿನಿಂದ ರಿಸಾಲ್ವಿನ್ ಎಂಬ ಅಣುಗಳನ್ನು ಮಾಡಿಕೊಳ್ಳುತ್ತೆ. ಅವು ಜಗಳ ಮುಗೀತು, ಮನೆಗೆ ಹೋಗಿ ಅಂತ ಬಿಳಿ ಕಣಗಳಿಗೆ ಕೊಡುವ ಸೂಚನೆ. ರಿಸಾಲ್ವಿನ್ ಹಚ್ಚಿದ ಮೊಲಗಳಲ್ಲಿ ಒಸಡಿನ ರೋಗ ತಗ್ಗಿ ಮೂಳೆ ಮತ್ತೆ ಬೆಳೆದದ್ದು ಕಂಡಿದೆ. ಹಾಗಂತ ಮೀನೆಣ್ಣೆ ಮಾತ್ರೆ ನುಂಗಿದರೆ ಹಲ್ಲು ಬಿಗಿಯಾಗುತ್ತೆ ಅಂತಲ್ಲ.

ಮೂರನೆಯದು, ಹೋದದ್ದನ್ನು ಮತ್ತೆ ಕಟ್ಟೋದು. ಇದರಲ್ಲಿ ಬೆಂಗಳೂರಿನ ಹೆಸರೂ ಇದೆ. ನಮ್ಮದೇ ರಕ್ತವನ್ನು ಸ್ವಲ್ಪ ತೆಗೆದು, ಬೇರೇನೂ ಸೇರಿಸದೆ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಪ್ಲೇಟ್‌ಲೆಟ್ ತುಂಬಿದ ಲೋಳೆಯಂಥ ಗಡ್ಡೆ ಸಿಗುತ್ತೆ. ಹೆಸರು ಪಿಆರ್‌ಎಫ್, ಹುಟ್ಟಿದ್ದು ಫ್ರಾನ್ಸ್‌ನಲ್ಲಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎ.ಆರ್. ಪ್ರದೀಪ್ ಅವರ ತಂಡ ಅದನ್ನು ಮೂಳೆ ಸವೆದ ಗುಂಡಿಗಳಿಗೆ ತುಂಬಿ ನೋಡಿತು. ಬರೀ ಶಸ್ತ್ರಚಿಕಿತ್ಸೆ ಮಾಡಿದ ಕಡೆಗಿಂತ ಪಿಆರ್‌ಎಫ್ ಇಟ್ಟ ಕಡೆ ಮೂಳೆ ಹೆಚ್ಚು ತುಂಬಿತು ಅಂತ 2011ರಲ್ಲಿ ವರದಿ ಮಾಡಿತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಕೊಲೆಸ್ಟ್ರಾಲ್‌ನ ಸಿಮ್ವಾಸ್ಟಾಟಿನ್ ಔಷಧಗಳನ್ನು ಜೆಲ್ ಮಾಡಿ ಒಸಡಿನೊಳಗೆ ಇಟ್ಟು ಪರೀಕ್ಷಿಸಿದ್ದೂ ಇದೇ ತಂಡ.

ಇನ್ನು ಕಾಂಡಕೋಶ. ಕಿತ್ತ ಬುದ್ಧಿಹಲ್ಲಿನ ಬೇರಿಗೆ ಅಂಟಿದ ನಾರಿನಲ್ಲಿ ಕಾಂಡಕೋಶಗಳಿವೆ ಅಂತ 2004ರಲ್ಲಿ ತಿಳಿಯಿತು. ಜಪಾನ್ ಈ ಹಾದಿಯಲ್ಲಿ ಮುಂದಿದೆ. ಜೀವಕೋಶಗಳನ್ನು ಬೆಳೆಯಲು ಪ್ರಚೋದಿಸುವ ಎಫ್‌ಜಿಎಫ್-2 ಎಂಬ ಪ್ರೋಟೀನನ್ನು ಒಸಡಿನ ಚಿಕಿತ್ಸೆಗೆ ಅಲ್ಲಿ 2016ರಲ್ಲೇ ಒಪ್ಪಿದ್ದಾರೆ. ನಮ್ಮಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಒಸಡಿಗೆ ಕಾಂಡಕೋಶ ಹಾಕೋದು ಸಂಶೋಧನೆಯ ಪರೀಕ್ಷೆಯಲ್ಲಿ ಮಾತ್ರ. ಯಾರಾದರೂ ಪ್ಯಾಕೇಜ್ ಮಾಡಿ ಮಾರಲು ಬಂದರೆ ದೂರ ಇರಿ.

ಇವತ್ತಿಗೆ ನಮ್ಮ ಕೈಲಿರೋದು

ಇಷ್ಟೆಲ್ಲ ಓದಿ ಡಾಕ್ಟರ್ ಹತ್ತಿರ ಹೋದೆ. ಅವರು ನಕ್ಕು, "ಎಲ್ಲ ಸರಿ. ಕಳೆ ಕೀಳದೆ ಗೊಬ್ಬರ ಹಾಕಿದರೆ ಏನಾಗುತ್ತೆ ಅಂತ ನಿಮ್ಮಪ್ಪನನ್ನೇ ಕೇಳಿ" ಅಂದ್ರು.

ಹಲ್ಲಿನ ಬೇರಿನ ತನಕ ಗಟ್ಟಿಯಾದ ಪಾಚಿಯನ್ನು ಕೆರೆದು ತೆಗೆಯೋದೇ ಇವತ್ತಿಗೂ ಚಿಕಿತ್ಸೆಯ ಬುನಾದಿ. ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತಂದ ಆ್ಯಂಟಿಬಯಾಟಿಕ್ ಆ ಪಾಚಿಯ ಪದರದೊಳಗೆ ಸರಿಯಾಗಿ ಇಳಿಯೋದಿಲ್ಲ. ಮನೆಯಲ್ಲಿ ಶುಗರ್ ಇದ್ದವರಿದ್ದರೆ ಇನ್ನೊಂದು ವಿಷಯ: ಒಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ತಿಂಗಳ ಸಕ್ಕರೆ ಲೆಕ್ಕ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತೆ ಅಂತ 2022ರ ಕಾಕ್ರೇನ್ ವಿಮರ್ಶೆ ಹೇಳಿದೆ.

ನಮ್ಮ ಕಡೆಯವರಿಗೆ ಕುಶಾಲನಗರದ ಕ್ಲಿನಿಕ್ ಸಾಲದಿದ್ದರೆ ಮೈಸೂರಿನ ಜೆಎಸ್‌ಎಸ್, ವಿರಾಜಪೇಟೆಯ ಕೊಡಗು ದಂತ ಕಾಲೇಜುಗಳಲ್ಲಿ ಒಸಡಿಗೆಂದೇ ಪ್ರತ್ಯೇಕ ವಿಭಾಗಗಳಿವೆ. ಅಪ್ಪ ಅಮ್ಮನನ್ನು ಕರ್ಕೊಂಡು ಹೋದರೆ "ಒಸಡಿನ ಆಳ ಅಳೆಯಿರಿ" ಅಂತ ನೀವೇ ಕೇಳಿ. ಐದು ನಿಮಿಷದ ಕೆಲಸ. ಅವರು ಬೀಡಿ ಸಿಗರೇಟು ಸೇದುವವರಾದರೆ ರಕ್ತ ಬರಲಿ ಅಂತ ಕಾಯಲೇಬೇಡಿ.

ಅಪ್ಪನಿಗೆ ಕ್ಲೀನಿಂಗ್ ಆಯಿತು. ಅಲುಗಾಡ್ತಿದ್ದ ಹಲ್ಲು ಉಳಿಯಲಿಲ್ಲ, ಅಕ್ಕಪಕ್ಕದವು ಸದ್ಯ ನಿಂತಿವೆ. ಅದಕ್ಕಿಂತ ದೊಡ್ಡ ವಿಷಯ, ಬೀಡಿ ಬಿಟ್ಟರು. ಒಂದೂವರೆ ತಿಂಗಳಾದ ಮೇಲೆ ಬೆಳ್ಳಂಬೆಳಿಗ್ಗೆ ಫೋನ್: "ಲೋ, ಉಜ್ಜುವಾಗ ರಕ್ತ ಬಂತು ಕಣ್ಲಾ. ಬೀಡಿ ಬುಟ್ಟಿದ್ದೇ ತಪ್ಪಾಯ್ತಾ?"

ಬೀಡಿ ಬಿಟ್ಟ ಮೇಲೆ ಒಸಡಿಗೆ ರಕ್ತ ಹರಿಯೋದು ಸರಿಹೋಗಿ, ಅಡಗಿದ್ದ ಉರಿಯೂತ ಹೀಗೆ ಹೊರಗೆ ಕಾಣಿಸ್ಕೊಳ್ಳುತ್ತೆ. ಡಾಕ್ಟರಿಗೆ ಇನ್ನೊಂದು ಸಲ ತೋರಿಸಿ ಅಂದೆ. "ತಪ್ಪಾಗಿಲ್ಲಪ್ಪ, ನಾಯಿಯ ಬಾಯಿ ಬಿಚ್ಚಿದೆ ಅಷ್ಟೆ" ಅಂದೆ. ಅಪ್ಪನಿಗೆ ಅರ್ಥವಾಯಿತೋ ಇಲ್ಲವೋ, ಮಾರನೇ ದಿನವೇ ಕುಶಾಲನಗರದ ಬಸ್ ಹತ್ತಿದ್ರಂತೆ. ಈ ಸಲ ನಾನು ಬಲವಂತ ಮಾಡಬೇಕಾಗಲಿಲ್ಲ.