ಮೆಚ್ಚಿನ ಚಿತ್ರ ಯಾವುದು?

ರಾತ್ರಿಯ ಊಟ ಮುಗಿಸಿ ಮನೆಮಂದಿಯೆಲ್ಲ ನಡುಮನೆಯಲ್ಲಿ ಕುಳಿತಿರುವಾಗ, “ನೋಡಿದ ಚಿತ್ರಗಳಲ್ಲೆಲ್ಲ ನಿಮಗೆ ಅತಿ ಮೆಚ್ಚಿನದು ಯಾವುದು?” ಎಂದು ಯಾರಾದರೊಬ್ಬರು ಕೇಳಿದರೆ ಸಾಕು, ಅಂದಿನ ನಿದ್ರೆಗೆ ರಜೆ. ಮದುವೆ ಮುಂಜಿಯಂಥ ದೊಡ್ಡ ವಿಷಯಗಳಲ್ಲಿ ಒಮ್ಮತಕ್ಕೆ ಬರುವ ಸಂಸಾರವೂ ಸಿನಿಮಾದ ವಿಷಯದಲ್ಲಿ ಒಮ್ಮತಕ್ಕೆ ಬರುವುದು ಅಪರೂಪ. ಲೋಕದ ರುಚಿ ಬೇರೆಬೇರೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಬೆಂಗಳೂರಿನ ಬಸವನಗುಡಿಯಲ್ಲೋ ಮೈಸೂರಿನ ಲಕ್ಷ್ಮೀಪುರದಲ್ಲೋ ಇರಬಹುದಾದ ಅಂಥ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು.

ಅಜ್ಜಿಯ ಉತ್ತರಕ್ಕೆ ಕ್ಷಣವೂ ತಡವಿಲ್ಲ: ‘ಬೇಡರ ಕಣ್ಣಪ್ಪ’. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ಈ ಭಕ್ತಿಚಿತ್ರವೇ ಮುತ್ತುರಾಜನೆಂಬ ರಂಗನಟನನ್ನು ರಾಜ್‌ಕುಮಾರನನ್ನಾಗಿಸಿತು. ಆಗ ಅಜ್ಜಿಗೆ ಎಂಟೊಂಬತ್ತು ವರ್ಷ. ಕಣ್ಣಪ್ಪನು ಶಿವನಿಗಾಗಿ ತನ್ನ ಕಣ್ಣನ್ನೇ ಕಿತ್ತುಕೊಡುವ ಸನ್ನಿವೇಶದಲ್ಲಿ ತಾಯಿಯ ಸೆರಗಿನಲ್ಲಿ ಮುಖ ಮರೆಸಿಕೊಂಡದ್ದು ಅವರಿಗೆ ಇನ್ನೂ ನೆನಪಿದೆ. “ನೋಡಿ ಬಂದ ಮೇಲೆ ದೇವರ ಮುಂದೆ ಕೂತರೆ ಅದೇ ಮುಖ ಕಾಣೋದು” ಎನ್ನುತ್ತಾರೆ.

ತಾತನವರ ರುಚಿ ಬೇರೆ. ‘ಜೇಡರ ಬಲೆ’ ಎಂದು ಅವರು ಹೇಳುವಾಗ ಮುಖದ ಮೇಲೆ ತುಂಟ ನಗೆಯೊಂದು ಮೂಡುತ್ತದೆ. 1968ರಲ್ಲಿ ದೊರೆ-ಭಗವಾನ್ ಜೋಡಿ ಪೌರಾಣಿಕ ಪಾತ್ರಗಳ ರಾಜ್‌ಕುಮಾರರಿಗೆ ಸೂಟು ತೊಡಿಸಿ, ಕೈಗೆ ಪಿಸ್ತೂಲು ಕೊಟ್ಟು, ಸಿ.ಐ.ಡಿ. 999 ಎಂಬ ಪತ್ತೇದಾರನನ್ನಾಗಿ ಮಾಡಿತು. ಅಂದಿನ ತರುಣರಿಗೆ ಇಂಗ್ಲಿಷ್ ಚಿತ್ರಗಳ ಜೇಮ್ಸ್ ಬಾಂಡ್ ಕನ್ನಡ ಮಾತನಾಡಿದಷ್ಟು ಸಂತೋಷ. ಮೊದಲ ದಿನದ ಟಿಕೆಟಿಗಾಗಿ ನೂಕುನುಗ್ಗಲಿನಲ್ಲಿ ನಿಂತು ಅಂಗಿಯ ಗುಂಡಿಗಳನ್ನು ಕಳೆದುಕೊಂಡ ಕಥೆಯನ್ನು ತಾತ ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ಒಮ್ಮೊಮ್ಮೆ ಎರಡು ಗುಂಡಿ, ಒಮ್ಮೊಮ್ಮೆ ನಾಲ್ಕು.

ನಿವೃತ್ತ ಉಪಾಧ್ಯಾಯಿನಿಯಾದ ಚಿಕ್ಕಜ್ಜಿಗೆ ದೇವರೂ ಬೇಡ, ಪಿಸ್ತೂಲೂ ಬೇಡ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 1967ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಬೆಳ್ಳಿ ಮೋಡ’ವೇ ಅವರ ಆಯ್ಕೆ. ಆಸ್ತಿ ದಕ್ಕದೆಂದು ತಿಳಿದೊಡನೆ ಮದುವೆಯ ಮಾತನ್ನು ಮುರಿದ ತರುಣನು ಮುಂದೊಂದು ದಿನ ಮನಸ್ಸು ಬದಲಾಯಿಸಿ ಬಂದಾಗ, ಕಲ್ಪನಾ ನಟಿಸಿದ ಇಂದಿರೆಯು ಅವನನ್ನು ಒಲ್ಲೆನೆನ್ನುತ್ತಾಳೆ. “ಹೆಣ್ಣು ಒಲ್ಲೆ ಅನ್ನಬಹುದು ಅಂತ ನನಗೆ ಗೊತ್ತಾದದ್ದೇ ಅವತ್ತು” ಎಂದು ಚಿಕ್ಕಜ್ಜಿ ಹೇಳಿದಾಗ ನಡುಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ಜೀವನವಿಡೀ ಒಬ್ಬಂಟಿಯಾಗಿ, ತಲೆಯೆತ್ತಿ ಬಾಳಿದವರು ಅವರು.

ತಂದೆಯ ಮತ 1972ರ ‘ಬಂಗಾರದ ಮನುಷ್ಯ’ಕ್ಕೆ. ಟಿ.ಕೆ. ರಾಮರಾಯರ ಕಾದಂಬರಿಯಿಂದ ಸಿದ್ಧಲಿಂಗಯ್ಯನವರು ರೂಪಿಸಿದ ಈ ಗ್ರಾಮಜೀವನದ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳಷ್ಟು ಕಾಲ ನಡೆಯಿತು. ಬರಡು ನೆಲವನ್ನು ಹಸನು ಮಾಡಿದ ರಾಜೀವನು ಕೊನೆಯಲ್ಲಿ ಎಲ್ಲವನ್ನೂ ಬಿಟ್ಟು ಹೊರಟುಹೋಗುವುದನ್ನು ಕಂಡು ಎಂಟು ವರ್ಷದ ಹುಡುಗನೊಬ್ಬ ಮನೆಯವರೆಗೂ ಅಳುತ್ತ ಬಂದನಂತೆ. ಆ ಹುಡುಗನೇ ಇಂದು ಈ ಮನೆಯ ಯಜಮಾನ.

ತಾಯಿಗೆ ನಗು ಬೇಕು. ವಠಾರದ ಜಗಳಗಳ ನಡುವೆ, ಗುರುತರಿಯದ ಗಾಯಕಿಗೆ ಮನಸೋತ ಅನಂತನಾಗ್ ಕೊನೆಗೆ ಅವಳು ತಾನು ಕಾದಾಡುತ್ತಿದ್ದ ನೆರೆಮನೆಯ ಹುಡುಗಿಯೇ ಎಂದು ತಿಳಿಯುವ ‘ಗಣೇಶನ ಮದುವೆ’ (1990) ಅವರಿಗೆ ಎಷ್ಟು ಸಲ ನೋಡಿದರೂ ಹೊಸದು. ಕಾಲೇಜಿನಲ್ಲಿ ಓದುವ ಮಗನಾದರೋ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ವನ್ನು ಎತ್ತಿಹಿಡಿಯುತ್ತಾನೆ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯ ಈ ಚಿತ್ರಕ್ಕೆ ಮೊದಲು ಸೆನ್ಸಾರ್ ಮಂಡಳಿಯ ತಡೆ ಬಂದಿತು. ಬಳಿಕ 1970ರ ಸಾಲಿನ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. “ಹಾಡಿಲ್ಲ, ನಗುವಿಲ್ಲ, ಮನೆಯಲ್ಲಿ ಹೆಣ ಇಟ್ಟುಕೊಂಡು ವಾದ ಮಾಡೋದು, ಅದೆಂಥ ಸಿನಿಮಾನೋ!” ಎಂದು ಅಜ್ಜಿ ಮುಖ ಸಿಂಡರಿಸುತ್ತಾರೆ. “ನಿನ್ನ ಕಣ್ಣಪ್ಪನೂ ಆಚಾರ ದೊಡ್ಡದಲ್ಲ ಅಂತ ತಾನೇ ಅಜ್ಜಿ ಹೇಳಿದ್ದು?” ಎಂಬ ಮೊಮ್ಮಗನ ಪ್ರಶ್ನೆಗೆ ಮಾತ್ರ ಅವರಲ್ಲಿ ಉತ್ತರವಿಲ್ಲ.

ಇಷ್ಟು ಹೊತ್ತೂ ಮೊಮ್ಮಗಳು ಕೈಯಲ್ಲಿನ ಫೋನಿನಲ್ಲಿ ಒಂದೊಂದೇ ಚಿತ್ರವನ್ನು ಹುಡುಕುತ್ತಿದ್ದಾಳೆ, ಎಲ್ಲವೂ ದೊರೆಯುತ್ತಿವೆ. “ಅಜ್ಜಿ, ನಿಮ್ಮಮ್ಮನಿಗೆ ಯಾವುದು ಮೆಚ್ಚಿನದು?” ಎಂದು ಅವಳು ಕೇಳುತ್ತಾಳೆ.

“ಸತಿ ಸುಲೋಚನ.”

ಈ ಬಾರಿ ಫೋನು ಸೋಲುತ್ತದೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಕನ್ನಡದ ಈ ಮೊದಲ ವಾಕ್ಚಿತ್ರವನ್ನು ವೈ.ವಿ. ರಾವ್ ಅವರು ಕೊಲ್ಹಾಪುರದಲ್ಲಿ ಚಿತ್ರೀಕರಿಸಿದ್ದರು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಹೆಸರುಗಳೆಲ್ಲ ಉಳಿದಿವೆ, ಚಿತ್ರ ಉಳಿದಿಲ್ಲ. ಅದರ ಒಂದು ಪ್ರತಿಯೂ ಇಂದು ದೊರೆಯದು.

ಆ ಕಾಲದ ಫಿಲ್ಮು ನೈಟ್ರೇಟಿನಿಂದ ಮಾಡಿದ್ದು. ಬೇಗ ಬೆಂಕಿ ಹಿಡಿಯುವ ವಸ್ತು. ಸೆಖೆ, ತೇವಗಳಲ್ಲಿ ಹಳದಿಯಾಗಿ, ಅಂಟಂಟಾಗಿ, ಕಡೆಗೆ ಪುಡಿಯಾಗುತ್ತದೆ. ಓಟ ಮುಗಿದ ಚಿತ್ರಗಳ ಸುರುಳಿಗಳನ್ನು ಅವುಗಳಲ್ಲಿನ ಬೆಳ್ಳಿಗಾಗಿ ಕರಗಿಸಿದವರೂ ಉಂಟು. ಇಂಥವುಗಳನ್ನು ಕಾಪಾಡಲೆಂದು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ‘ಸತಿ ಸುಲೋಚನ’ ತೆರೆಕಂಡು ಆಗಲೇ ಮೂವತ್ತು ವರ್ಷಗಳು ಕಳೆದಿದ್ದವು. ಚಿತ್ರಮಂದಿರಗಳ ಪಾಡೂ ಅಷ್ಟೆ: ಬೆಂಗಳೂರಿನ ಮೆಜೆಸ್ಟಿಕ್ ಎಂಬ ಬಡಾವಣೆಗೆ ಹೆಸರು ಕೊಟ್ಟ ಟಾಕೀಸು ನೆಲಸಮವಾದರೂ ಬಸ್ಸಿನ ಕಂಡಕ್ಟರು ಮಾತ್ರ ಆ ಹೆಸರನ್ನು ಕೂಗುತ್ತಲೇ ಇದ್ದಾನೆ.

ಆದುದರಿಂದ ಮೆಚ್ಚಿನ ಚಿತ್ರದ ಮಾತು ಬರಿಯ ಹರಟೆಯಲ್ಲ. ಚಿತ್ರವೇ ಇಲ್ಲವಾದಾಗ ಉಳಿಯುವುದು ನೋಡಿದವರ ನೆನಪೊಂದೇ; ಅದಕ್ಕೂ ಆಯುಷ್ಯ ಉಂಟು. ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಹಾಡಿನ ಪುಸ್ತಕವೋ ಕರಪತ್ರವೋ ಇದ್ದರೆ ರದ್ದಿಗೆ ಹಾಕುವ ಮುನ್ನ ಒಮ್ಮೆ ನೋಡಬೇಕು. ಹಿರಿಯರು ಹೇಳುವುದನ್ನು, ಗುಂಡಿಗಳ ಲೆಕ್ಕ ತಪ್ಪಿದರೂ ಸರಿ, ಬರೆದಿಡಬೇಕು.

ಮೊಮ್ಮಗಳು ಫೋನನ್ನು ಅಜ್ಜಿಯ ಮುಂದಿಟ್ಟು, ಧ್ವನಿಮುದ್ರಣದ ಗುಂಡಿಯನ್ನೊತ್ತಿ, “ನಿಮ್ಮಮ್ಮ ಏನು ಹೇಳ್ತಿದ್ರೋ ಅದನ್ನೇ ಹೇಳಜ್ಜಿ” ಎನ್ನುತ್ತಾಳೆ. ಅಜ್ಜಿ ಕಾಲು ಮಡಿಸಿ ಸರಿಯಾಗಿ ಕುಳಿತುಕೊಳ್ಳುತ್ತಾರೆ. ತಾತನವರು ಟೆಲಿವಿಷನ್ನಿನ ಸದ್ದು ಅಡಗಿಸುತ್ತಾರೆ. ಇಂದ್ರಜಿತುವು ಯುದ್ಧಕ್ಕೆ ಹೊರಡುವಲ್ಲಿಂದ ಕಥೆ ಆರಂಭವಾಗುತ್ತದೆ.